ಮನೆಯವರು ಹೊಸ ಲಸಿಕೆ ಬೇಡ ಅಂದಾಗ ಏನು ಮಾಡಬೇಕು? ಹಂತ ಹಂತವಾಗಿ

ಸಾಂಕ್ರಾಮಿಕ ರೋಗ ಹಬ್ಬಿ ಹೊಸ ಲಸಿಕೆ ಬಂದಾಗಲೆಲ್ಲ ಓದುಗರು ಒಂದೇ ವಿಷಯ ಕೇಳುತ್ತಾರೆ. "ಅಪ್ಪ ಲಸಿಕೆ ಬೇಡವೇ ಬೇಡ ಅಂತಿದ್ದಾರೆ, ಹೇಗೆ ಒಪ್ಪಿಸಲಿ?" "ನನಗೇ ಒಳಗೊಳಗೆ ಭಯ, ಇನ್ನು ಅತ್ತೆಗೆ ಏನು ಹೇಳಲಿ?" ಕೋವಿಡ್ ಕಾಲದಲ್ಲಿ ಇದನ್ನು ಎಷ್ಟೋ ಜನ ಕೇಳಿದರು. ಮುಂದೆ ಇನ್ನೊಂದು ರೋಗ ಬಂದಾಗಲೂ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಕೋವಿಡ್ ಲಸಿಕೆ ಶುರುವಾದ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಸುಮಾರು 1.44 ಕೋಟಿ ಸಾವು ತಪ್ಪಿತು ಎಂದು 2022ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಹಾಗಾಗಿ ಜನ ಲಸಿಕೆ ಹಾಕಿಸಿಕೊಳ್ಳಲಿ ಎಂಬುದೇ ನನ್ನ ಆಸೆ. ಆದರೆ ಹಿಂಜರಿಯುವವರನ್ನು ದಡ್ಡರು ಅಂತ ಬೈಯುವುದು ನನಗೆ ಒಪ್ಪಿಗೆಯಿಲ್ಲ. ಬಹಳ ಜನರ ಮನಸ್ಸಿನಲ್ಲಿ ಯಾವುದೋ ಒಂದು ಪ್ರಶ್ನೆ ಉತ್ತರ ಸಿಗದೆ ಉಳಿದಿರುತ್ತದೆ. ಅದು ಯಾವುದು ಅಂತ ತಿಳಿಯುವ ತನಕ ನೀವು ಎಷ್ಟು ಮಾತಾಡಿದರೂ ಪ್ರಯೋಜನವಿಲ್ಲ.

ಶುರು ಮಾಡುವ ಮುನ್ನ ಏನೇನು ಬೇಕು?

ಲಸಿಕೆಯ ಸರಿಯಾದ ಹೆಸರು ಬೇಕು. ಒಂದೇ ರೋಗಕ್ಕೆ ನಾಲ್ಕಾರು ಲಸಿಕೆ ಇರಬಹುದು. ಒಂದರ ಅಡ್ಡಪರಿಣಾಮ ಇನ್ನೊಂದಕ್ಕೆ ಇರದೇ ಇರಬಹುದು. ಹಾಕಿಸಿಕೊಳ್ಳುವವರ ವಯಸ್ಸು, ಇರುವ ಕಾಯಿಲೆ, ದಿನಾ ತೆಗೆದುಕೊಳ್ಳುವ ಮಾತ್ರೆ, ಹಿಂದೆ ಆಗಿದ್ದ ಅಲರ್ಜಿ, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಲಸಿಕೆಗೆ ಅನುಮತಿ ಕೊಟ್ಟ ಸಂಸ್ಥೆ ಪ್ರಕಟಿಸಿದ ಮಾಹಿತಿ ಹಾಳೆಯನ್ನು ಒಮ್ಮೆ ನೀವೇ ಪೂರ್ತಿ ಓದಿ. ಉಳಿದದ್ದು ಅವಸರವಿಲ್ಲದ ಅರ್ಧ ಗಂಟೆ.

ಊಟದ ಮಧ್ಯೆ, ನೆಂಟರ ಎದುರು ಅಥವಾ ಫ್ಯಾಮಿಲಿ ಗ್ರೂಪ್‌ನಲ್ಲಿ ಈ ಮಾತು ತೆಗೆಯಬೇಡಿ. ನಾಲ್ಕು ಜನರ ಮುಂದೆ "ಇಲ್ಲ" ಅಂದವರಿಗೆ ಆಮೇಲೆ "ಹೂಂ" ಅನ್ನೋದು ತುಂಬಾ ಕಷ್ಟ.

1. ಮೊದಲು ಕೇಳಿ, ಆಮೇಲೆ ಹೇಳಿ

ಲಸಿಕೆ ಸಿಗುತ್ತಿದ್ದರೂ ಹಾಕಿಸಿಕೊಳ್ಳಲು ತಡಮಾಡುವುದು ಅಥವಾ ಬೇಡ ಅನ್ನುವುದು, ಇದನ್ನು ಲಸಿಕೆ ಹಿಂಜರಿಕೆ ಅಂತಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಹತ್ತು ದೊಡ್ಡ ಆರೋಗ್ಯ ಅಪಾಯಗಳಲ್ಲಿ ಇದೂ ಒಂದು. ಅದೇ ಸಂಸ್ಥೆಯ ತಜ್ಞರು 2014ರಲ್ಲಿ ಇದರ ಕಾರಣಗಳನ್ನು ಮೂರು ಗುಂಪು ಮಾಡಿದ್ದರು. ಲಸಿಕೆ ಮೇಲೋ ಅದನ್ನು ಕೊಡುವವರ ಮೇಲೋ ನಂಬಿಕೆ ಇಲ್ಲದಿರುವುದು ಒಂದು. "ನನಗೆ ಆ ರೋಗ ಬರಲ್ಲ, ಬಂದರೂ ಏನಾಗಲ್ಲ" ಎಂಬ ಭಾವನೆ ಇನ್ನೊಂದು. ಮೂರನೆಯದು ಬರೀ ಅನಾನುಕೂಲ: ದೂರ, ಸರತಿ ಸಾಲು, ಕೆಲಸಕ್ಕೆ ರಜೆ ಸಿಗದಿರುವುದು, ಆನ್‌ಲೈನ್ ಬುಕಿಂಗ್ ಗೊತ್ತಾಗದಿರುವುದು.

ಮೂರಕ್ಕೂ ಮದ್ದು ಬೇರೆ ಬೇರೆ. ಅದಕ್ಕೇ ಮೊದಲು ಕೇಳಬೇಕು. ಮಾತು ಹೀಗೆ ಹೋಗಬಹುದು:

"ದೊಡ್ಡಪ್ಪಾ, ಲಸಿಕೆ ಬಗ್ಗೆ ನಿಮಗೆ ಏನು ಅನಿಸುತ್ತೆ?"

"ನೋಡಪ್ಪಾ, ನಂಗ್ಯಾಕೋ ಅದು ಸರಿ ಬರಲ್ಲ."

"ಯಾವ ವಿಷಯ ಜಾಸ್ತಿ ಕಾಡ್ತಿದೆ?"

"ನಂಗೆ ಬೀಪಿ ಇದೆ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

ನೋಡಿ, ಸಿಕ್ಕಿತು. ದೊಡ್ಡಪ್ಪನಿಗೆ ಲಸಿಕೆ ಕಂಪನಿಯ ಮೇಲೆ ಸಿಟ್ಟಿಲ್ಲ, ಯಾವ ಸಂಚಿನ ಕತೆಯನ್ನೂ ಅವರು ನಂಬಿಲ್ಲ. ಅವರಿಗೆ ಇರುವುದು ಬೀಪಿಯ ಚಿಂತೆ. ಅವರ ಮುಂದೆ ಲಸಿಕೆಯ ಇತಿಹಾಸವೆಲ್ಲ ಬಿಚ್ಚಿಟ್ಟರೆ ಏನು ಪ್ರಯೋಜನ? ಅವರನ್ನು ನೋಡುವ ಡಾಕ್ಟರ ಹತ್ತಿರ ಹತ್ತು ನಿಮಿಷ ಮಾತಾಡಿಸಿದರೆ ಕೆಲಸ ಮುಗಿಯುತ್ತದೆ.

ಇಲ್ಲಿ ಜನ ಸಾಮಾನ್ಯವಾಗಿ ಎಡವುವುದು ಅರ್ಧಕ್ಕೇ ಬಾಯಿ ಹಾಕಿ. ಅವರು ಮೊದಲು ಹೇಳುವ ಕಾರಣವೇ ನಿಜವಾದ ಕಾರಣ ಆಗಿರಬೇಕು ಅಂತೇನಿಲ್ಲ. "ಇನ್ನೇನಾದರೂ ಇದೆಯಾ?" ಅಂತ ಒಮ್ಮೆ ಕೇಳಿ ಸುಮ್ಮನಿರಿ. "ನೀವು ಲಸಿಕೆ ವಿರೋಧಿ" ಎಂಬ ಮಾತನ್ನಂತೂ ಬಾಯಿಗೇ ತರಬೇಡಿ. ಗಟ್ಟಿಯಾಗಿ ವಿರೋಧಿಸುವವರು ಸಾಮಾನ್ಯವಾಗಿ ಕಡಿಮೆಯೇ. "ಸ್ವಲ್ಪ ನೋಡೋಣ" ಅನ್ನುವವರು ಅವರಿಗಿಂತ ಎಷ್ಟೋ ಜಾಸ್ತಿ.

2. ಅವರ ಮಾತಿನಲ್ಲಿ ನಿಜ ಇದ್ದರೆ ಒಪ್ಪಿಕೊಳ್ಳಿ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. "ಏನೂ ಆಗಲ್ಲ, ನೂರಕ್ಕೆ ನೂರು ಸೇಫ್" ಅಂದುಬಿಡುತ್ತಾರೆ. ನೂರಕ್ಕೆ ನೂರು ಸೇಫ್ ಆದ ಔಷಧಿ ಯಾವುದೂ ಇಲ್ಲ. ಅದು ನಿಮ್ಮ ಮನೆಯ ಹಿರಿಯರಿಗೂ ಗೊತ್ತು.

ಲಸಿಕೆಗಳ ಇತಿಹಾಸದಲ್ಲಿ ತಪ್ಪುಗಳಾಗಿವೆ. 1955ರಲ್ಲಿ ಅಮೆರಿಕದಲ್ಲಿ ಕಟ್ಟರ್ ಎಂಬ ಕಂಪನಿ ತಯಾರಿಸಿದ ಪೋಲಿಯೊ ಲಸಿಕೆಯ ಕೆಲವು ಬ್ಯಾಚ್‌ಗಳಲ್ಲಿ ವೈರಸ್ ಪೂರ್ತಿ ಸತ್ತಿರಲಿಲ್ಲ. ಸುಮಾರು 200 ಮಕ್ಕಳಿಗೆ ಪಾರ್ಶ್ವವಾಯು ಆಯಿತು, 10 ಮಕ್ಕಳು ಸತ್ತರು. ಆಮೇಲೆ ಲಸಿಕೆ ತಯಾರಿಕೆಯ ತಪಾಸಣೆ ಬಹಳ ಬಿಗಿಯಾಯಿತು. 1976ರಲ್ಲಿ ಅದೇ ದೇಶದಲ್ಲಿ ಹಂದಿಜ್ವರದ ಹೆದರಿಕೆಯಿಂದ ಸುಮಾರು 4.5 ಕೋಟಿ ಜನರಿಗೆ ಲಸಿಕೆ ಹಾಕಿದರು. ಲಕ್ಷಕ್ಕೆ ಒಬ್ಬರಂತೆ ಗುಯಿಲಿನ್ ಬಾರೆ ಸಿಂಡ್ರೋಮ್, ಅಂದರೆ ನರಗಳು ಸೋತು ಕೈಕಾಲು ಬಲ ಕಳೆದುಕೊಳ್ಳುವ ಕಾಯಿಲೆ, ಹೆಚ್ಚುವರಿಯಾಗಿ ಕಾಣಿಸಿತು. ಹೆದರಿದ್ದ ರೋಗ ಹಬ್ಬಲೇ ಇಲ್ಲ. ಡಿಸೆಂಬರ್‌ನಲ್ಲಿ ಲಸಿಕೆ ನಿಲ್ಲಿಸಿದರು. 2009ರ ಎಚ್1ಎನ್1 ಸಾಂಕ್ರಾಮಿಕದಲ್ಲಿ ಬಳಸಿದ ಪ್ಯಾಂಡೆಮ್ರಿಕ್ಸ್ ಲಸಿಕೆಯಿಂದ ಕೆಲವು ಮಕ್ಕಳು ಮತ್ತು ಹದಿಹರೆಯದವರಿಗೆ ನಾರ್ಕೊಲೆಪ್ಸಿ, ಅಂದರೆ ಹಗಲಲ್ಲೇ ತಡೆಯಲಾರದಷ್ಟು ನಿದ್ದೆ ಬರುವ ಕಾಯಿಲೆ, ಬಂತು. ಅದು ಫಿನ್ಲೆಂಡ್ ಮತ್ತು ಸ್ವೀಡನ್‌ನಲ್ಲಿ 2010ರಲ್ಲಿ ಗೊತ್ತಾಯಿತು.

ಇವನ್ನು ಯಾಕೆ ಮುಚ್ಚಿಡಬಾರದು? ನೀವು ಮುಚ್ಚಿಟ್ಟದ್ದು ನಾಳೆ ಮೊಬೈಲ್‌ನಲ್ಲಿ ಹತ್ತು ಪಟ್ಟು ಊದಿಕೊಂಡು ಬರುತ್ತದೆ. ಆಗ ನೀವು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಆದದ್ದು ನೋಡಿ. ಅಲ್ಲಿ ಶಾಲಾ ಮಕ್ಕಳಿಗೆ ಡೆಂಗ್ವಾಕ್ಸಿಯಾ ಎಂಬ ಡೆಂಗಿ ಲಸಿಕೆ ಹಾಕಿದ್ದರು. ಹಿಂದೆ ಡೆಂಗಿ ಬಾರದೇ ಇದ್ದವರಿಗೆ ಈ ಲಸಿಕೆಯ ನಂತರ ರೋಗ ಬಂದರೆ ಜೋರಾಗಬಹುದು ಎಂದು 2017ರ ನವೆಂಬರ್‌ನಲ್ಲಿ ಕಂಪನಿಯೇ ತಿಳಿಸಿತು. ಜನರ ಸಿಟ್ಟು ಆ ಒಂದು ಲಸಿಕೆಗೆ ನಿಲ್ಲಲಿಲ್ಲ. ದಶಕಗಳಿಂದ ಬಳಕೆಯಲ್ಲಿದ್ದ ಬೇರೆ ಲಸಿಕೆಗಳ ಮೇಲೂ ನಂಬಿಕೆ ಕುಸಿಯಿತು. 2019ರಲ್ಲಿ ಅಲ್ಲಿ ದಡಾರ ಜೋರಾಗಿ ಹಬ್ಬಿತು.

ಹಾಗಾಗಿ "ನಿಮ್ಮ ಭಯಕ್ಕೆ ಕಾರಣ ಇದೆ. ಈ ಲಸಿಕೆಯಲ್ಲಿ ಗೊತ್ತಿರುವ ಅಪಾಯ ಇಷ್ಟು, ರೋಗದ ಅಪಾಯ ಇಷ್ಟು, ಎರಡನ್ನೂ ನೋಡೋಣ" ಅನ್ನಿ. ಇಷ್ಟು ಹೇಳಿದರೆ ಎದುರಿನವರ ದನಿ ಸ್ವಲ್ಪ ತಗ್ಗುತ್ತದೆ.

3. "ಇಷ್ಟು ಬೇಗ ಹೇಗೆ ಬಂತು?" ಎಂಬುದಕ್ಕೆ ಉತ್ತರ ಇಟ್ಟುಕೊಳ್ಳಿ

ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ ಕೂಡ. ಕೋವಿಡ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವೈರಸ್‌ನ ಜೀನ್‌ಗಳ ವಿವರ 2020ರ ಜನವರಿಯಲ್ಲಿ ಹೊರಬಿತ್ತು. ಮಾರ್ಚ್ 16ಕ್ಕೆ ಅಮೆರಿಕದಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾಯಿತು. ಡಿಸೆಂಬರ್ 2ಕ್ಕೆ ಬ್ರಿಟನ್ ಫೈಜರ್ ಲಸಿಕೆಗೆ ಅನುಮತಿ ಕೊಟ್ಟಿತು. ಒಂದು ವರ್ಷವೂ ಆಗಿರಲಿಲ್ಲ.

ಆದರೆ ಕೆಲಸ ಶುರುವಾದದ್ದು 2020ರಲ್ಲಿ ಅಲ್ಲ. ಫೈಜರ್‌ನದು ಎಂಆರ್‌ಎನ್‌ಎ ಎಂಬ ಬಗೆಯ ಲಸಿಕೆ. ಆ ಬಗೆಗೆ ದಾರಿ ಮಾಡಿದ ಮುಖ್ಯ ಸಂಶೋಧನೆಯನ್ನು ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲೇ ಪ್ರಕಟಿಸಿದ್ದರು. 2023ರಲ್ಲಿ ಅದಕ್ಕೆ ನೊಬೆಲ್ ಬಂತು. ಕೋವಿಡ್ ವೈರಸ್‌ನ ಸಂಬಂಧಿಗಳಾದ ಸಾರ್ಸ್ ಮತ್ತು ಮರ್ಸ್ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿತ್ತು. ಎಂಆರ್‌ಎನ್‌ಎ ಅಂದರೆ ಜೀವಕೋಶಕ್ಕೆ ಒಂದು ಪ್ರೋಟೀನ್ ತಯಾರಿಸಲು ಕೊಡುವ ತಾತ್ಕಾಲಿಕ ಸೂಚನೆ. ಅದು ನಮ್ಮ ಡಿಎನ್‌ಎ ಇರುವ ಕೋಶಕೇಂದ್ರದ ಒಳಗೆ ಹೋಗುವುದಿಲ್ಲ, ಕೆಲಸ ಮುಗಿದ ಮೇಲೆ ದೇಹವೇ ಅದನ್ನು ಒಡೆದುಹಾಕುತ್ತದೆ. "ಡಿಎನ್‌ಎ ಬದಲಾಗುತ್ತಂತೆ" ಅನ್ನುವವರಿಗೆ ಇಷ್ಟು ಸಾಕು.

ಹಾಗಾದರೆ ಸಮಯ ಉಳಿದದ್ದು ಎಲ್ಲಿ? ಸಾಮಾನ್ಯವಾಗಿ ಒಂದು ಹಂತದ ಪ್ರಯೋಗ ಮುಗಿದು, ಹಣ ಹೊಂದಿಸಿ, ಆಮೇಲೆ ಮುಂದಿನ ಹಂತ ಶುರುವಾಗುತ್ತದೆ. ಈ ಸಲ ಸರ್ಕಾರಗಳು ಹಣ ಮೊದಲೇ ಕೊಟ್ಟವು. ಹಂತಗಳನ್ನು ಒಂದರ ಮೇಲೊಂದು ಬರುವಂತೆ ನಡೆಸಿದರು. ಫಲಿತಾಂಶ ಬರುವ ಮೊದಲೇ ಡೋಸ್ ತಯಾರಿಸಿಟ್ಟರು. ಲಸಿಕೆ ಸೋತರೆ ಅಷ್ಟೂ ಹಣ ನಷ್ಟ ಅಂತ ಗೊತ್ತಿದ್ದೇ ಮಾಡಿದರು. ಇನ್ನೊಂದು ಕಾರಣ ಇದೆ. ಲಸಿಕೆ ಕೆಲಸ ಮಾಡುತ್ತಾ ಅಂತ ತಿಳಿಯಲು ಪ್ರಯೋಗದಲ್ಲಿ ಇರುವವರಲ್ಲಿ ಒಂದಷ್ಟು ಜನರಿಗೆ ರೋಗ ಬರಬೇಕು. ರೋಗ ಅಪರೂಪವಾದರೆ ಅದಕ್ಕೇ ವರ್ಷಗಳು ಬೇಕು. ಊರೆಲ್ಲ ರೋಗ ಇದ್ದಾಗ ಕೆಲವೇ ತಿಂಗಳಲ್ಲಿ ಉತ್ತರ ಸಿಗುತ್ತದೆ.

ಬೇಗ ಬಂದದ್ದರಿಂದ ಉಳಿದ ಕೊರತೆಯನ್ನೂ ಹೇಳಿ. ರಕ್ಷಣೆ ಎಷ್ಟು ವರ್ಷ ಉಳಿಯುತ್ತದೆ ಅಂತ ಮೊದಲ ವರ್ಷ ಯಾರಿಗೂ ತಿಳಿದಿರುವುದಿಲ್ಲ. ತೀರಾ ಅಪರೂಪದ ಅಡ್ಡಪರಿಣಾಮವೂ ಪ್ರಯೋಗದಲ್ಲಿ ಕಾಣುವುದಿಲ್ಲ. 20 ಸಾವಿರ ಜನರಿಗೆ ಲಸಿಕೆ ಕೊಟ್ಟು ನೋಡಿದರೆ, ಲಕ್ಷಕ್ಕೆ ಒಬ್ಬರಿಗೆ ಆಗುವ ತೊಂದರೆ ಹೇಗೆ ತಾನೇ ಕಣ್ಣಿಗೆ ಬೀಳಬೇಕು? ಅದಕ್ಕೇ ಅನುಮತಿ ಸಿಕ್ಕ ಮೇಲೂ ನಿಗಾ ಇಡುತ್ತಾರೆ. ಲಸಿಕೆಯ ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ಮೊದಲ ಆರು ವಾರದೊಳಗೇ ಕಾಣಿಸಿಕೊಳ್ಳುತ್ತವೆ ಎಂಬುದು ಹಳೆಯ ಲಸಿಕೆಗಳಿಂದ ಬಂದ ಅನುಭವ.

4. ಶೇಕಡಾ ಲೆಕ್ಕವನ್ನು ಬಿಡಿಸಿ ಹೇಳಿ

"95 ಪರ್ಸೆಂಟ್ ಪರಿಣಾಮಕಾರಿ" ಅಂದರೆ ನೂರು ಜನರಲ್ಲಿ ಐದು ಜನರಿಗೆ ರೋಗ ಬಂದೇ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಫೈಜರ್ ಪ್ರಯೋಗದಲ್ಲಿ ಸುಮಾರು 43 ಸಾವಿರ ಜನ ಇದ್ದರು. ಅರ್ಧ ಜನರಿಗೆ ಲಸಿಕೆ, ಉಳಿದರ್ಧ ಜನರಿಗೆ ಪ್ಲಸೀಬೊ, ಅಂದರೆ ಔಷಧಿ ಇಲ್ಲದ ಖಾಲಿ ಇಂಜೆಕ್ಷನ್. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿರಲಿಲ್ಲ. ಕೊನೆಗೆ ಎಣಿಸಿದಾಗ ಪ್ಲಸೀಬೊ ಕಡೆ 162 ಜನರಿಗೆ, ಲಸಿಕೆ ಕಡೆ 8 ಜನರಿಗೆ ರೋಗಲಕ್ಷಣದ ಜೊತೆ ಕೋವಿಡ್ ಬಂದಿತ್ತು. ಲಸಿಕೆ ಇಲ್ಲದಿದ್ದರೆ ಆ ಕಡೆಯೂ ಹೆಚ್ಚುಕಮ್ಮಿ 162 ಆಗುತ್ತಿತ್ತು, 8ಕ್ಕೆ ಇಳಿಯಿತು. ಆ ಇಳಿಕೆಯೇ 95 ಪರ್ಸೆಂಟ್.

ಇನ್ನೊಂದು ಮಾತು ಮನೆಮನೆಯಲ್ಲೂ ಬರುತ್ತದೆ: "ಆಸ್ಪತ್ರೆಯಲ್ಲಿ ಇರೋರೆಲ್ಲ ಲಸಿಕೆ ಹಾಕಿಸಿಕೊಂಡವರೇ ಅಂತೆ, ಮತ್ಯಾಕೆ ಅದು?" ಪೆನ್ನು ಹಿಡಿದು ಒಂದು ಲೆಕ್ಕ ಮಾಡಿ ತೋರಿಸಿ. ಅಂಕಿಗಳು ಬರೀ ಲೆಕ್ಕಕ್ಕೆ ಇಟ್ಟುಕೊಂಡವು. 1,000 ಜನ ಇದ್ದಾರೆ ಅಂದುಕೊಳ್ಳಿ. 900 ಜನ ಲಸಿಕೆ ಹಾಕಿಸಿದ್ದಾರೆ, 100 ಜನ ಇಲ್ಲ. ಹಾಕಿಸದವರಲ್ಲಿ ನೂರಕ್ಕೆ 10 ಜನ ಆಸ್ಪತ್ರೆ ಸೇರುತ್ತಾರೆ, ಅಂದರೆ 10 ಜನ. ಹಾಕಿಸಿದವರಲ್ಲಿ ನೂರಕ್ಕೆ 2, ಅಂದರೆ 18 ಜನ. ವಾರ್ಡ್‌ನಲ್ಲಿ ಈಗ 28 ಜನ, ಅವರಲ್ಲಿ 18 ಜನ ಲಸಿಕೆ ಹಾಕಿಸಿಕೊಂಡವರು. ಲಸಿಕೆ ಸೋತಂತೆ ಕಾಣುತ್ತದೆ, ಅಲ್ವಾ? ಯಾರೂ ಹಾಕಿಸದೇ ಇದ್ದಿದ್ದರೆ ಅದೇ ವಾರ್ಡ್‌ನಲ್ಲಿ 100 ಜನ ಇರುತ್ತಿದ್ದರು.

ನಾನು ಕಂಡಂತೆ, ಬೇರೆ ಯಾವ ವಾದಕ್ಕೂ ಬಗ್ಗದವರು ಈ ಲೆಕ್ಕವನ್ನು ತಾವೇ ಮಾಡಿ ನೋಡಿದಾಗ ಯೋಚನೆಗೆ ಬೀಳುತ್ತಾರೆ. ಹಾಗಾಗಿ ಪೆನ್ನು ಅವರ ಕೈಗೇ ಕೊಡಿ.

ಒಂದು ಎಚ್ಚರಿಕೆ. "ಹಾಕಿಸಿಕೊಂಡರೆ ರೋಗ ಬರೋದೇ ಇಲ್ಲ" ಅಂತ ಮಾತು ಕೊಡಬೇಡಿ. ವೈರಸ್ ರೂಪ ಬದಲಿಸುತ್ತದೆ. 2021ರ ಕೊನೆಗೆ ಓಮಿಕ್ರಾನ್ ಬಂದಾಗ ಸೋಂಕು ತಡೆಯುವ ಶಕ್ತಿ ಬಹಳ ಇಳಿಯಿತು. ಜೋರು ಕಾಯಿಲೆ ಮತ್ತು ಸಾವಿನಿಂದ ಸಿಗುವ ರಕ್ಷಣೆ ಅಷ್ಟಾಗಿ ಇಳಿಯಲಿಲ್ಲ. ಸೋಂಕು ಬೇರೆ, ಐಸಿಯು ಬೇರೆ. ಈ ವ್ಯತ್ಯಾಸ ಮೊದಲೇ ಹೇಳಿದ್ದರೆ ಆಮೇಲೆ "ಮೋಸ ಹೋದೆವು" ಎಂಬ ಮಾತು ಬರುವುದಿಲ್ಲ.

5. ಅಡ್ಡಪರಿಣಾಮಗಳನ್ನು ನೀವೇ ಮೊದಲು ಹೇಳಿ

ತೋಳು ನೋವು, ಸುಸ್ತು, ತಲೆನೋವು, ಒಂದೆರಡು ದಿನ ಜ್ವರ, ಇವು ಸಾಮಾನ್ಯ. ಕುತೂಹಲದ ಒಂದು ವಿಷಯ: ಕೋವಿಡ್ ಲಸಿಕೆಗಳ 12 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಖಾಲಿ ಇಂಜೆಕ್ಷನ್ ಪಡೆದವರಲ್ಲೂ ನೂರಕ್ಕೆ ಸುಮಾರು 35 ಜನ ಮೊದಲ ಡೋಸ್ ನಂತರ ತಲೆನೋವು, ಸುಸ್ತು ಮುಂತಾದವು ಆಯಿತು ಅಂದಿದ್ದರು. ತೊಂದರೆ ಆಗಬಹುದು ಎಂಬ ನಿರೀಕ್ಷೆಯಿಂದಲೇ ತೊಂದರೆ ಅನಿಸುವುದಕ್ಕೆ ನೋಸಿಬೊ ಅಂತಾರೆ. ಆ ನೋವು ಸುಳ್ಳಲ್ಲ. ಹಾಗಾಗಿ "ಎಲ್ಲ ನಿಮ್ಮ ಮನಸ್ಸಿನ ಭ್ರಮೆ" ಅಂತ ಮಾತ್ರ ಹೇಳಬೇಡಿ.

ಗಂಭೀರವಾದವು ಅಪರೂಪ, ಆದರೆ ಇವೆ. ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೇ ಜೋರು ಅಲರ್ಜಿ ಆಗಬಹುದು. ಅದಕ್ಕೇ 15 ನಿಮಿಷ ಅಲ್ಲೇ ಕೂರಿಸುತ್ತಾರೆ, ಹಿಂದೆ ಜೋರು ಅಲರ್ಜಿ ಆಗಿದ್ದವರನ್ನು 30 ನಿಮಿಷ. "ಕೆಲಸ ಇದೆ" ಅಂತ ಎದ್ದು ಹೋಗಬೇಡಿ. ಎಂಆರ್‌ಎನ್‌ಎ ಲಸಿಕೆಯ ನಂತರ, ಅದರಲ್ಲೂ ಎರಡನೇ ಡೋಸ್ ಆದ ಕೆಲವೇ ದಿನದಲ್ಲಿ, ಕೆಲವು ಹುಡುಗರಿಗೆ ಮತ್ತು ಯುವಕರಿಗೆ ಮಯೊಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಊತ, ಕಾಣಿಸಿತು. ಹೆಚ್ಚಿನವರು ಬೇಗ ಚೇತರಿಸಿಕೊಂಡರು. ಆಸ್ಟ್ರಾಜೆನೆಕಾ ಲಸಿಕೆಯಿಂದ ತೀರಾ ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಎಂದು ಯುರೋಪಿನ ಔಷಧ ಸಂಸ್ಥೆ 2021ರ ಏಪ್ರಿಲ್ 7ರಂದು ಹೇಳಿತು. ಅದೇ ದಿನ ಬ್ರಿಟನ್ 30 ವರ್ಷದ ಒಳಗಿನವರಿಗೆ ಬೇರೆ ಲಸಿಕೆ ಕೊಡುವುದು ಒಳ್ಳೆಯದು ಅಂದಿತು. ಆ ವಯಸ್ಸಿನವರಿಗೆ ಕೋವಿಡ್‌ನಿಂದ ಅಪಾಯ ಕಡಿಮೆ, ಹಾಗಾಗಿ ಲಸಿಕೆಯ ಸಣ್ಣ ಅಪಾಯವೂ ತೂಕದಲ್ಲಿ ದೊಡ್ಡದಾಗುತ್ತದೆ. 70 ದಾಟಿದವರಿಗೆ ಲೆಕ್ಕ ತಿರುಗಾಮುರುಗಾ. ಅದಕ್ಕೇ "ಈ ಲಸಿಕೆ ಒಳ್ಳೆಯದಾ?" ಅಂತ ಕೇಳುವ ಬದಲು "ಈ ವಯಸ್ಸಿನವರಿಗೆ, ಈಗ ಇಷ್ಟು ರೋಗ ಇರುವಾಗ, ಈ ಲಸಿಕೆ ಹೇಗೆ?" ಅಂತ ಕೇಳಿ.

ಲಸಿಕೆ ಹಾಕಿಸಿದ ನಂತರ ಎದೆನೋವು, ಉಸಿರಾಟಕ್ಕೆ ಕಷ್ಟ, ಎದೆ ಡವಡವ ಹೊಡೆದುಕೊಳ್ಳುವುದು, ಬಿಡದೆ ಕಾಡುವ ಜೋರು ತಲೆನೋವು, ಕಣ್ಣು ಮಂಜಾಗುವುದು, ಕಾಲು ಊದುವುದು, ಬಿಡದ ಹೊಟ್ಟೆನೋವು, ಪೆಟ್ಟಾಗದೆಯೂ ಚರ್ಮದ ಮೇಲೆ ಕಲೆ ಮೂಡುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ. ಡಾಕ್ಟರ ಹತ್ತಿರ ಹೋಗಿ, ಯಾವ ಲಸಿಕೆ, ಯಾವ ದಿನ ಅಂತ ಹೇಳಿ.

ಲಸಿಕೆ ಹಾಕಿಸಿಕೊಳ್ಳುವ ಮುಂಚೆ ಡಾಕ್ಟರನ್ನು ಕೇಳಲೇಬೇಕಾದವರೂ ಇದ್ದಾರೆ. ಹಿಂದಿನ ಡೋಸ್‌ಗೆ ಜೋರು ಅಲರ್ಜಿ ಆದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಈಗ ಜ್ವರ ಇರುವವರು. ಇವರಿಗೆಲ್ಲ ಲಸಿಕೆ ಬೇಡ ಅಂತ ಅರ್ಥವಲ್ಲ. ಇವರಲ್ಲಿ ಕೆಲವರಿಗೇ ಲಸಿಕೆ ಜಾಸ್ತಿ ಬೇಕಾಗಿರುತ್ತದೆ. ಯಾವುದು, ಯಾವಾಗ ಅಂತ ತಿಳಿದವರು ಹೇಳಬೇಕು.

6. ಫಾರ್ವರ್ಡ್ ಬಂದರೆ

"ಲಸಿಕೆ ಹಾಕಿಸಿಕೊಂಡ ಮೇಲೆ ಇಷ್ಟು ಸಾವಿರ ಜನ ಸತ್ತರು" ಎಂಬ ಅಂಕಿ ಬಂದರೆ ಅದು ಎಲ್ಲಿಂದ ಬಂತು ನೋಡಿ. ಅಮೆರಿಕದಲ್ಲಿ 1990ರಿಂದ ವೇರ್ಸ್ ಎಂಬ ವ್ಯವಸ್ಥೆ ಇದೆ. ಲಸಿಕೆ ನಂತರ ಏನೇ ಆದರೂ ಯಾರು ಬೇಕಾದರೂ ಅಲ್ಲಿ ವರದಿ ಮಾಡಬಹುದು. ಲಸಿಕೆ ನಂತರ ಆದದ್ದು ಎಂಬುದಷ್ಟೇ ಅಲ್ಲಿ ಇರುತ್ತದೆ. ಲಸಿಕೆಯಿಂದಲೇ ಆಯಿತಾ ಎಂಬುದು ಆಮೇಲೆ ತನಿಖೆಯಿಂದ ತಿಳಿಯಬೇಕು. ಕೋಟ್ಯಂತರ ವಯಸ್ಸಾದವರಿಗೆ ಒಂದೇ ತಿಂಗಳಲ್ಲಿ ಲಸಿಕೆ ಹಾಕಿದರೆ, ಅವರಲ್ಲಿ ಒಂದಷ್ಟು ಜನರಿಗೆ ಅದೇ ತಿಂಗಳು ಹೃದಯಾಘಾತ ಆಗಿಯೇ ಆಗುತ್ತದೆ, ಲಸಿಕೆ ಇಲ್ಲದಿದ್ದರೂ ಆಗುತ್ತಿತ್ತು. ಅದಕ್ಕಿಂತ ಜಾಸ್ತಿ ಆಗಿದೆಯಾ ಎಂಬುದೇ ಕೇಳಬೇಕಾದ ಪ್ರಶ್ನೆ.

ಬಂದ ಪ್ರತಿ ಫಾರ್ವರ್ಡ್‌ಗೂ ಉತ್ತರ ಕೊಡುತ್ತಾ ಕೂರಬೇಡಿ. ಅವರನ್ನು ನಿಜವಾಗಿ ಹೆದರಿಸಿದ ಒಂದನ್ನು ಮಾತ್ರ ಆರಿಸಿ, ಇಬ್ಬರೂ ಜೊತೆಗೆ ಕೂತು ನೋಡಿ.

7. ಹೇಳಬೇಕಾದವರು ನೀವೇನಾ?

2003ರಲ್ಲಿ ನೈಜೀರಿಯಾದ ಕಾನೊ ರಾಜ್ಯ ಪೋಲಿಯೊ ಲಸಿಕೆ ನಿಲ್ಲಿಸಿತು. ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಆ ಅನುಮಾನಕ್ಕೆ ಹಿನ್ನೆಲೆಯೂ ಇತ್ತು. 1996ರಲ್ಲಿ ಅದೇ ಊರಿನ ಮಕ್ಕಳ ಮೇಲೆ ವಿದೇಶಿ ಕಂಪನಿಯೊಂದು ನಡೆಸಿದ ಔಷಧಿ ಪ್ರಯೋಗ ದೊಡ್ಡ ವಿವಾದವಾಗಿತ್ತು. ಲಸಿಕೆ ನಿಂತ ಮೇಲೆ ಪೋಲಿಯೊ ಅಲ್ಲಿಂದ ಬೇರೆ ದೇಶಗಳಿಗೂ ಹರಡಿತು. ಹೊರಗಿನ ತಜ್ಞರು ಎಷ್ಟು ಹೇಳಿದರೂ ಆಗದ ಕೆಲಸ, ಅಲ್ಲಿನ ಮುಖಂಡರೇ ಮುಂದೆ ಬಂದು, ಅವರು ನಂಬುವ ಇಂಡೊನೇಷ್ಯಾದಿಂದ ಲಸಿಕೆ ತರಿಸಿದಾಗ 2004ರಲ್ಲಿ ಆಯಿತು. 2020ರ ಆಗಸ್ಟ್‌ನಲ್ಲಿ ಆಫ್ರಿಕಾ ಖಂಡವೇ ಸಹಜ ಪೋಲಿಯೊ ವೈರಸ್‌ನಿಂದ ಮುಕ್ತ ಅಂತ ಘೋಷಣೆಯಾಯಿತು.

ಮನೆಯಲ್ಲೂ ಇದೇ ನಡೆಯುತ್ತದೆ. 2020ರ ಜೂನ್‌ನಲ್ಲಿ 19 ದೇಶಗಳ 13 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದಾಗ, ಲಸಿಕೆ ಬಂದರೆ ಹಾಕಿಸಿಕೊಳ್ಳಬಹುದು ಅಂದವರು ನೂರಕ್ಕೆ ಸುಮಾರು 72. ಕೆಲಸ ಕೊಟ್ಟವರು ಹೇಳಿದರೆ ಹಾಕಿಸಿಕೊಳ್ಳುತ್ತೇವೆ ಅಂದವರು ಅದಕ್ಕಿಂತ ಕಡಿಮೆ. ಲಸಿಕೆ ಅದೇ, ಹೇಳುವ ಬಾಯಿ ಬೇರೆ. ಮಗನ ಮಾತು ಕೇಳದ ಅಪ್ಪ ಇಪ್ಪತ್ತು ವರ್ಷದಿಂದ ನೋಡುವ ಡಾಕ್ಟರ ಮಾತು ಕೇಳುತ್ತಾರೆ, ಇಲ್ಲವೇ ಈಗಾಗಲೇ ಹಾಕಿಸಿಕೊಂಡ ಗೆಳೆಯನದ್ದು. ಅಂಥವರು ಯಾರು ಅಂತ ಹುಡುಕಿ, ಅವರಿಗೇ ಬಿಟ್ಟುಕೊಡಿ.

8. ಹೂಂ ಅಂದರೆ, ಉಹೂಂ ಅಂದರೆ

ಹೂಂ ಅಂದ ದಿನವೇ ಸಮಯ ಬುಕ್ ಮಾಡಿ. ಜೊತೆಗೆ ಹೋಗಿ. ಮೊದಲೇ ಬರೆದುಕೊಂಡ ಚೀಟಿಯನ್ನು ಅಲ್ಲಿನ ಸಿಬ್ಬಂದಿಗೆ ತೋರಿಸಿ. ಮಾರನೇ ದಿನ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ, ಜ್ವರ ಬಂದರೆ ವಿಶ್ರಾಂತಿ ಬೇಕಾಗುತ್ತದೆ. ಲಸಿಕೆಯ ಹೆಸರು, ಬ್ಯಾಚ್ ನಂಬರ್, ದಿನಾಂಕ ಇರುವ ಕಾರ್ಡಿನ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ. ಮುಂದಿನ ಡೋಸ್ ಯಾವಾಗ ಅಂತ ಕ್ಯಾಲೆಂಡರ್‌ನಲ್ಲಿ ಅಲ್ಲೇ ಗುರುತು ಹಾಕಿ.

ಉಹೂಂ ಅಂದರೆ ಅಲ್ಲಿಗೆ ಬಿಡಿ. ಅಳುವುದು, ಮಾತು ಬಿಡುವುದು, ಮೊಮ್ಮಕ್ಕಳನ್ನು ತೋರಿಸಲ್ಲ ಅನ್ನುವುದು ಬೇಡ. "ಸರಿ, ಮನಸ್ಸು ಬದಲಾದರೆ ಹೇಳಿ, ನಾನೇ ಕರೆದುಕೊಂಡು ಹೋಗ್ತೀನಿ" ಅನ್ನಿ. ಅಲ್ಲಿಯ ತನಕ ಅವರಿರುವ ಕೋಣೆಯ ಕಿಟಕಿ ತೆಗೆದಿಡಿ, ನೆಗಡಿ ಕೆಮ್ಮು ಇರುವವರು ದೂರ ಇರಿ, ಹತ್ತಿರ ಹೋಗುವವರು ನಿಮ್ಮ ಡೋಸ್ ತಪ್ಪದೆ ಹಾಕಿಸಿಕೊಳ್ಳಿ. ಎರಡು ಮೂರು ವಾರ ಬಿಟ್ಟು ಮತ್ತೆ ಮೊದಲ ಹಂತದಿಂದ ಶುರು ಮಾಡಿ. ಅಷ್ಟರಲ್ಲಿ ಅವರ ಪ್ರಶ್ನೆಯೇ ಬದಲಾಗಿರಬಹುದು.